ಕೆರೆಯಂಗಳದ ಕ್ರೀಡಾಂಗಣಗಳು: ಬೆಂಗಳೂರು ದಂಡು ಮತ್ತು ಆತಿಥ್ಯದ ಪ್ರಶ್ನೆ

ದೊಡ್ಡದೊಂದು ಅಂತರರಾಷ್ಟ್ರೀಯ ಕ್ರೀಡಾಕೂಟವನ್ನು ನಗರವೊಂದು ತನ್ನಲ್ಲಿ ನಡೆಸಲು ಒಪ್ಪಿಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆ ಇಂದು ಬಹುಮಟ್ಟಿಗೆ ಹಣದ ಲೆಕ್ಕವಾಗಿಯೇ ಚರ್ಚೆಗೆ ಬರುತ್ತದೆ. 1976ರ ಒಲಿಂಪಿಕ್ಸ್ ನಡೆಸಿದ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಆ ಕೂಟದ ಸಾಲ ತೀರಿದ್ದು 2006ರಲ್ಲಿ ಎಂಬ ಸಂಗತಿಯನ್ನು ಇಂಥ ಚರ್ಚೆಯಲ್ಲಿ ಯಾರಾದರೂ ನೆನಪಿಸಿಯೇ ನೆನಪಿಸುತ್ತಾರೆ. ಬೆಂಗಳೂರಿನ ಮಟ್ಟಿಗೆ ಈ ಲೆಕ್ಕ ರೂಪಾಯಿಗಿಂತ ಮೊದಲು ನೆಲದಲ್ಲಿ ನಡೆದಿದೆ. ದಂಡು ಎಂದು ಹಳಬರು ಕರೆಯುತ್ತಿದ್ದ ಕಂಟೋನ್ಮೆಂಟ್ ಪ್ರದೇಶ ಮತ್ತು ಅದರ ಅಂಚಿನಲ್ಲಿ ನಗರದ ಮುಖ್ಯ ಕ್ರೀಡಾಂಗಣಗಳೆಲ್ಲ ಗುಂಪಾಗಿ ನಿಂತಿರುವುದಕ್ಕೂ, ಅವುಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಕೆರೆಗಳಾಗಿದ್ದುದಕ್ಕೂ ಇರುವ ನಂಟನ್ನು ಗಮನಿಸಿದರೆ, ಆತಿಥ್ಯದ ಪ್ರಶ್ನೆಯನ್ನು ಈ ನಗರದ ಜನರ ಮುಂದೆ ಯಾರೂ ಎಂದೂ ಇಟ್ಟಿರಲಿಲ್ಲ, ನೆಲ ಯಾರ ಕೈಯಲ್ಲಿತ್ತೋ ಅವರೇ ಉತ್ತರವನ್ನೂ ತೀರ್ಮಾನಿಸುತ್ತ ಬಂದರು ಎಂಬುದು ತಿಳಿಯುತ್ತದೆ.

ಶ್ರೀರಂಗಪಟ್ಟಣದ ಹವೆ ಒಗ್ಗದೆ ಜ್ವರದಿಂದ ನರಳುತ್ತಿದ್ದ ಬ್ರಿಟಿಷ್ ಪಡೆಗಳು 1809ರಲ್ಲಿ ಬೆಂಗಳೂರಿಗೆ ಬಂದು ನೆಲೆಯೂರಿದಾಗ, ಹಳೆಯ ಪೇಟೆಯಿಂದ ದೂರವಾಗಿ, ಹಲಸೂರು ಗ್ರಾಮದ ಪಶ್ಚಿಮಕ್ಕೆ ಹರಡಿದ್ದ ಎತ್ತರದ ಬಯಲಿನಲ್ಲಿ ಅವುಗಳ ಬಿಡಾರ ಎದ್ದಿತು. ಜಾನ್ ಬ್ಲಾಕಿಸ್ಟನ್ ಎಂಬ ಸೇನಾ ಎಂಜಿನಿಯರ್ ಹಾಕಿಕೊಟ್ಟ ಆ ನಕ್ಷೆಯ ನಡುವೆ ಇದ್ದದ್ದು ಪರೇಡ್ ಮೈದಾನ. ಸುತ್ತಲೂ ಪಡೆಗಳ ಸಾಲುಮನೆಗಳು, ಅಧಿಕಾರಿಗಳ ಬಂಗಲೆಗಳು, ಮತ್ತು ಇವರಿಗೆಲ್ಲ ಸಾಮಾನು ಒದಗಿಸುವ ಬ್ಲ್ಯಾಕ್‌ಪಲ್ಲಿಯ ಬಜಾರು, ಅಂದರೆ ಇಂದಿನ ಶಿವಾಜಿನಗರ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ದಂಡು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲೇ ಉಳಿದು, 1947ರ ಜುಲೈನಲ್ಲಷ್ಟೇ ಸಂಸ್ಥಾನಕ್ಕೆ ಹಿಂದಿರುಗಿತು. ಎರಡೂ ಭಾಗಗಳು ಒಂದೇ ನಗರಪಾಲಿಕೆಯ ಅಡಿಗೆ ಬಂದದ್ದು 1949ರಲ್ಲಿ. ಹೀಗಾಗಿ ನಗರದ ದೊಡ್ಡ ಬಯಲುಗಳ ಮೇಲೆ ಬಹುಕಾಲ ಹಕ್ಕಿದ್ದದ್ದು ಸೇನೆಗೆ. ಆಟವೂ ಸೇನೆಯ ದಿನಚರಿಯ ಒಂದು ಅಂಗವಾಗಿಯೇ ಇಲ್ಲಿಗೆ ಬಂತು. 1896ರಲ್ಲಿ ಇಲ್ಲಿಗೆ ಬಂದ ನಾಲ್ಕನೇ ಹುಸಾರ್ ಅಶ್ವದಳದ ಕಿರಿಯ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್‌ಗೆ ಕುದುರೆಯ ಮೇಲೆ ಕುಳಿತು ಚೆಂಡು ಹೊಡೆಯುವ ಪೋಲೊ ಆಟವೇ ಬೆಂಗಳೂರು ವಾಸದ ಮುಖ್ಯ ಉದ್ಯೋಗವಾಗಿತ್ತು.

ಪೋಲೊ ಆಟಕ್ಕೆ ಅಗಲವಾದ, ಸಮತಟ್ಟಾದ, ಕಲ್ಲಿಲ್ಲದ ನೆಲ ಬೇಕು. ಏರುತಗ್ಗಿನ ಬೆಂಗಳೂರಿನಲ್ಲಿ ಅಂಥ ನೆಲ ಸುಲಭವಾಗಿ ಸಿಗುತ್ತಿದ್ದದ್ದು ಕೆರೆಯಂಗಳದಲ್ಲಿ, ಅಂದರೆ ಬೇಸಿಗೆಯಲ್ಲಿ ನೀರು ಇಳಿದಾಗ ಹೊರಬೀಳುವ ಹೂಳಿನ ತಳದಲ್ಲಿ. ಇಲ್ಲಿನ ಕೆರೆಗಳು ಪ್ರಕೃತಿ ಕೊಟ್ಟ ಸರೋವರಗಳಲ್ಲ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಕಟ್ಟಿ, ತೂಬಿನ ಮೂಲಕ ಗದ್ದೆ ತೋಟಗಳಿಗೆ ನೀರು ಬಿಟ್ಟು, ಹೆಚ್ಚಾದ ನೀರು ಕೋಡಿಯ ಮೇಲೆ ಹರಿದು ಕೆಳಗಿನ ಕೆರೆಗೆ ಸೇರುವಂತೆ ಸರಪಳಿಯಾಗಿ ಜೋಡಿಸಿದ ಮನುಷ್ಯನಿರ್ಮಿತಿಗಳು. ಇಂಥ ಕೆರೆಯನ್ನು ದಿನವೂ ಯಾರಾದರೂ ನೋಡಿಕೊಳ್ಳುತ್ತಿದ್ದರೆ ಮಾತ್ರ ಅದು ಉಳಿಯುತ್ತದೆ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ನಗರಕ್ಕೆ ಬಂದ ಮೇಲೆ ಕುಡಿಯುವ ನೀರಿಗಾಗಿ ಹತ್ತಿರದ ಕೆರೆಗಳನ್ನು ಕಾಯಬೇಕೆಂಬ ಅಗತ್ಯ ಕಡಿಮೆಯಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರೂ ಬಂದ ಮೇಲೆ ಅಗತ್ಯ ಇನ್ನಷ್ಟು ಕುಗ್ಗಿತು.

ಈ ಬದಲಾವಣೆಗೆ ಮೊದಲು ತುತ್ತಾದವುಗಳಲ್ಲಿ ಪೇಟೆಗೂ ದಂಡಿಗೂ ನಡುವಿನ ಗಡಿಯಲ್ಲಿದ್ದ ಸಂಪಂಗಿ ಕೆರೆ ಒಂದು. ಅದರ ನೀರನ್ನೂ ಮಣ್ಣನ್ನೂ ನಂಬಿ ತರಕಾರಿ, ಹೂವು ಬೆಳೆಯುತ್ತಿದ್ದ ತೋಟಗಾರರು ಒಂದು ಕಡೆಗಿದ್ದರೆ, ಒಣನೆಲವನ್ನು ಪೋಲೊಗೆ ಬಯಸಿದ ದಂಡಿನ ಅಧಿಕಾರಿಗಳು ಇನ್ನೊಂದು ಕಡೆಗಿದ್ದರು. ಹರಿಣಿ ನಾಗೇಂದ್ರ ಮತ್ತು ಅವರ ಸಹಸಂಶೋಧಕರು ಸರ್ಕಾರಿ ಕಡತಗಳನ್ನೂ ಹಳೆಯ ನಕ್ಷೆಗಳನ್ನೂ ಹುಡುಕಿ ಈ ಕೆರೆ ಕ್ರೀಡಾಂಗಣವಾದ ಕಥೆಯನ್ನು ವಿವರವಾಗಿ ಬರೆದಿದ್ದಾರೆ. ಕೆರೆ ಬತ್ತುತ್ತ ಹೋಗಿ, ಸ್ವಾತಂತ್ರ್ಯದ ಆಸುಪಾಸಿನಲ್ಲಿ ಅದರ ಅಂಗಳ ಕ್ರೀಡಾಂಗಣದ ನೆಲವಾಯಿತು. ಮೈಸೂರಿನ ಅರಸ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರು ಅದಕ್ಕೆ ಬಂತು. ಪೂರ್ತಿ ಮುಚ್ಚಲಾಗದೆ ಒಂದು ಸಣ್ಣ ಹೊಂಡ ಮಾತ್ರ ಉಳಿದುಕೊಂಡಿದೆ. ತಿಗಳ ಸಮುದಾಯದವರು ನಡೆಸುವ ಬೆಂಗಳೂರು ಕರಗದ ವಿಧಿಗಳಲ್ಲಿ ಸಂಪಂಗಿ ಕೆರೆಗೆ ಸ್ಥಾನವಿರುವುದರಿಂದ ಆ ಹೊಂಡವನ್ನು ಅಳಿಸುವುದು ಯಾರಿಂದಲೂ ಸಾಧ್ಯವಾಗಲಿಲ್ಲ. ಓಟದ ಹಾದಿಯ ಪಕ್ಕದಲ್ಲಿ, ಬೇಲಿಯ ಆಚೆ ಕಾಣುವ ಈ ಚೌಕಾಕಾರದ ನೀರು, ಕಂಠೀರವ ಕ್ರೀಡಾಂಗಣದ ಜಾಗಕ್ಕೆ ಹಿಂದೆ ಯಾರು ಯಾರು ಹಕ್ಕುದಾರರಾಗಿದ್ದರು ಎಂಬುದಕ್ಕೆ ಉಳಿದಿರುವ ದಾಖಲೆಗಳಲ್ಲಿ ಒಂದು.

ಸಂಪಂಗಿಯದು ಒಂಟಿ ಉದಾಹರಣೆಯಲ್ಲ. ಶಾಂತಿನಗರದ ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲಿದೆ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯ ಅಂಗಳದಲ್ಲಿದೆ. ಇಂದಿರಾನಗರದ ದಕ್ಷಿಣಕ್ಕೆ, ದೊಮ್ಮಲೂರಿನಾಚೆಗಿದ್ದ ಚಲ್ಲಘಟ್ಟ ಕೆರೆ ಕರ್ನಾಟಕ ಗಾಲ್ಫ್ ಸಂಸ್ಥೆಯ ಹುಲ್ಲುಗಾವಲಾಯಿತು. ಬ್ರಿಟಿಷ್ ಓಪನ್ ಪ್ರಶಸ್ತಿಯನ್ನು ಐದು ಬಾರಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಅದರ ವಿನ್ಯಾಸ ಮಾಡಿದರು, 2012ರಲ್ಲಿ ಇಂಡಿಯನ್ ಓಪನ್ ಪಂದ್ಯಾವಳಿಯೂ ಅಲ್ಲಿ ನಡೆಯಿತು. ಹಾಗೆಂದು ಆಟವೇ ಕೆರೆಗಳನ್ನು ನುಂಗಿತು ಎಂದರೆ ಅತಿಯಾದೀತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ದೊಮ್ಮಲೂರು ಕೆರೆ ಬಡಾವಣೆಯಾಯಿತು. ಅಲ್ಲಿ ಯಾವ ಕ್ರೀಡಾಕೂಟದ ಒತ್ತಡವೂ ಇರಲಿಲ್ಲ. ಬತ್ತಿದ ಕೆರೆಯಂಗಳ ಸರ್ಕಾರದ ಕೈಯಲ್ಲಿದ್ದ, ಭೂಸ್ವಾಧೀನದ ಗೊಡವೆಯಿಲ್ಲದ, ಪುಕ್ಕಟೆಯ ಸಮತಟ್ಟು ಜಾಗ ಎಂಬುದೇ ಮೂಲ ಕಾರಣ. ಕ್ರೀಡಾಂಗಣ ಸಾರ್ವಜನಿಕ ಉದ್ದೇಶ ಎಂಬ ಒಳ್ಳೆಯ ಹೆಸರು ಮಾತ್ರ ಆ ಪರಿವರ್ತನೆಗೆ ಮರ್ಯಾದೆ ತಂದುಕೊಟ್ಟಿತು.

ದಂಡಿನ ಆಟದ ಇತಿಹಾಸವೆಂದರೆ ಕ್ರೀಡಾಂಗಣಗಳ ಇತಿಹಾಸ ಎಂದುಕೊಂಡರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಸೈನಿಕರು ಮೈದಾನದಲ್ಲಿ ಆಡುತ್ತಿದ್ದ ಫುಟ್‌ಬಾಲನ್ನು ಶಿವಾಜಿನಗರ, ಹಲಸೂರು, ಆಸ್ಟಿನ್ ಟೌನ್‌ಗಳ ಗಲ್ಲಿಗಳ ಹುಡುಗರು ಬೇಗನೆ ತಮ್ಮದಾಗಿಸಿಕೊಂಡರು. ಮುಂಬೈಯ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಸೇನಾ ತಂಡಗಳ ಸ್ವತ್ತಿನಂತಿತ್ತು. 1937ರಲ್ಲಿ, ಮತ್ತೆ 1938ರಲ್ಲಿ, ಅದನ್ನು ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ನಾಗರಿಕ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಬಹುಪಾಲು ಬರಿಗಾಲಿನಲ್ಲೇ ಆಡಿದ ಭಾರತ ತಂಡ ಫ್ರಾನ್ಸ್ ಎದುರು 1–2ರಿಂದ ಸೋತ ಪಂದ್ಯದಲ್ಲಿ, ಒಲಿಂಪಿಕ್ಸ್‌ನಲ್ಲಿ ದೇಶದ ಮೊದಲ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಹೆಸರಾಂತ ಪಂಚಪಾಂಡವರಲ್ಲಿ, ಅಂದರೆ ಐವರು ಮುಂಚೂಣಿ ಆಟಗಾರರಲ್ಲಿ, ಒಬ್ಬರಾದರು. ಸಂತೋಷ್ ಟ್ರೋಫಿ, ಅಂದರೆ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯನ್ನು, ಮೈಸೂರು ನಾಲ್ಕು ಬಾರಿ ಗೆದ್ದಿತು. ಅದರಲ್ಲಿ ಮೂರು ಗೆಲುವುಗಳು, 1946–47, 1952–53 ಮತ್ತು 1968–69ರವು, ಬೆಂಗಳೂರಿನಲ್ಲೇ ಬಂದವು. ಆ ಪಂದ್ಯಗಳಿಗೆ ಸೇರುತ್ತಿದ್ದ ಜನರಿಗೆ ವಿದೇಶದ ತಂಡವೂ ಬೇಕಿರಲಿಲ್ಲ, ಹೊನಲು ಬೆಳಕಿನ ದೀಪವೂ ಬೇಕಿರಲಿಲ್ಲ.

ಹಲಸೂರಿನ ಪಕ್ಕದ ಗೌತಮಪುರದಲ್ಲಿ ಈ ಪರಂಪರೆ ಇಂದಿಗೂ ಕಣ್ಣಿಗೆ ಕಾಣುವಂತಿದೆ. ಇಕ್ಕಟ್ಟಾದ ಬೀದಿಯ ಬದಿಯಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಪ್ರತಿಮೆಗಳ ಸಾಲಿನಲ್ಲಿಯೇ ಬ್ರೆಜಿಲ್‌ನ ಪೆಲೆಯ ಪ್ರತಿಮೆಯೂ ನಿಂತಿದೆ, ಮತ್ತು ವಿಶ್ವಕಪ್ ಬಂದಾಗ ಇಡೀ ಕೇರಿ ಬ್ರೆಜಿಲ್‌ನ ಹಳದಿ ಬಣ್ಣ ತೊಡುತ್ತದೆ. ದೇಶಕ್ಕೆ ಆಟಗಾರರನ್ನು ಕೊಟ್ಟ ಈ ಕೇರಿಗಳ ಪಾಲಿಗೆ ಆರ್‌ಬಿಎಎನ್‌ಎಂಎಸ್ ಶಾಲೆಯ ಬಯಲಿನಂಥ ಕೆಲವೇ ಮೈದಾನಗಳು ಉಳಿದವು. ಅಂತರರಾಷ್ಟ್ರೀಯ ಕೂಟಗಳ ಹೆಸರಿನಲ್ಲಿ ನಗರ ಮಾಡಿದ ಖರ್ಚು ಈ ಬೀದಿಗಳ ಬಳಿಗೆ ಬಂದದ್ದು ಅತ್ಯಲ್ಪ. ಆತಿಥ್ಯದಿಂದ ಆಟ ಬೆಳೆಯುತ್ತದೆ ಎಂಬ ವಾದಕ್ಕೆ ದಂಡಿನ ಅನುಭವದಲ್ಲಿ ಆಧಾರ ಸಿಗುವುದಿಲ್ಲ. ಇಲ್ಲಿ ಆಟ ಮೊದಲು ಬೆಳೆಯಿತು, ಆತಿಥ್ಯ ಆಮೇಲೆ ಬಂತು, ಬಂದದ್ದೂ ಬೇರೆ ಆಟಕ್ಕೆ.

ಆ ಬೇರೆ ಆಟ ಕ್ರಿಕೆಟ್. ಪರೇಡ್ ಮೈದಾನಕ್ಕೂ ಕಬ್ಬನ್ ಉದ್ಯಾನಕ್ಕೂ ನಡುವೆ 1969ರಲ್ಲಿ ಅಡಿಗಲ್ಲು ಬಿದ್ದ ಕ್ರೀಡಾಂಗಣದ ಕೆಲಸ ಮರುವರ್ಷ ಆರಂಭವಾಯಿತು. ಮಂಡ್ಯ ಮೂಲದ ವಕೀಲ ಎಂ. ಚಿನ್ನಸ್ವಾಮಿ ರಾಜ್ಯ ಕ್ರಿಕೆಟ್ ಸಂಸ್ಥೆಯಲ್ಲಿ ನಾಲ್ಕು ದಶಕ ದುಡಿದವರು, ಮುಂದೆ ಭಾರತ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷರಾದವರು. ಅವರ ಹಟವಿಲ್ಲದಿದ್ದರೆ, ಮುಂದೆ ಅವರ ಹೆಸರನ್ನೇ ಹೊತ್ತ ಆ ಕಟ್ಟಡ ಏಳುತ್ತಿರಲಿಲ್ಲ ಎಂಬುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. 1974ರ ನವೆಂಬರ್‌ನಲ್ಲಿ, ಕಟ್ಟಡ ಇನ್ನೂ ಪೂರ್ಣಗೊಂಡಿರದಾಗಲೇ, ವೆಸ್ಟ್ ಇಂಡೀಸ್ ವಿರುದ್ಧದ ಮೊದಲ ಟೆಸ್ಟ್ ಪಂದ್ಯ ಅಲ್ಲಿ ನಡೆಯಿತು. ಕ್ಲೈವ್ ಲಾಯ್ಡ್ ಮೊದಲ ಬಾರಿಗೆ ನಾಯಕರಾಗಿ ಆಡಿದ, ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಟೆಸ್ಟ್‌ಗೆ ಕಾಲಿಟ್ಟ ಆ ಪಂದ್ಯವನ್ನು ಭಾರತ 267 ರನ್‌ಗಳಿಂದ ಸೋತಿತು. ಬೆಂಗಳೂರಿನ ಪ್ರೇಕ್ಷಕರಿಗೆ ಆ ಸೋಲಿಗಿಂತ ತಮ್ಮ ಊರೂ ಟೆಸ್ಟ್ ಕೇಂದ್ರವಾಯಿತು ಎಂಬ ಹೆಮ್ಮೆಯೇ ದೊಡ್ಡದಾಗಿತ್ತು. ಆಗ ಈ ಜಾಗದ ಆಯ್ಕೆಯನ್ನು ಪ್ರಶ್ನಿಸಲು ಕಾರಣವೂ ಇರಲಿಲ್ಲ: ಮಹಾತ್ಮ ಗಾಂಧಿ ರಸ್ತೆ ನಗರದ ಅಂಚಿನ ಮನರಂಜನಾ ಬೀದಿ, ಇಂದಿರಾನಗರ ಇನ್ನೂ ಕಟ್ಟುತ್ತಿದ್ದ ಬಡಾವಣೆ, ಕೃಷ್ಣರಾಜಪುರ ಬೇರೆಯೇ ಊರು. ಐವತ್ತು ವರ್ಷಗಳಲ್ಲಿ ನಗರ ಪೂರ್ವಕ್ಕೆ ಬೆಳೆಯುತ್ತ ಹೋಗಿ, ಅಂಚಿನಲ್ಲಿದ್ದ ಕ್ರೀಡಾಂಗಣ ನಡುವಿಗೆ ಬಂದುಬಿಟ್ಟಿತು.

1987ರ ವಿಶ್ವಕಪ್‌ನ ಭಾರತ–ನ್ಯೂಜಿಲೆಂಡ್ ಪಂದ್ಯ ಇಲ್ಲಿಗೆ ಬಂತು. 1996ರ ಮಾರ್ಚ್ 9ರಂದು ಹೊಸದಾಗಿ ಹಾಕಿದ್ದ ಹೊನಲು ಬೆಳಕಿನಲ್ಲಿ ಭಾರತ ಪಾಕಿಸ್ತಾನವನ್ನು 39 ರನ್‌ಗಳಿಂದ ಸೋಲಿಸಿದ ಕ್ವಾರ್ಟರ್ ಫೈನಲ್ ಕನ್ನಡಿಗರ ನೆನಪಿನಲ್ಲಿ ಮುಖ್ಯವಾಗಿ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್‌ರನ್ನು ಬೌಲ್ಡ್ ಮಾಡಿದ ಆ ಒಂದು ಎಸೆತವಾಗಿ ಉಳಿದಿದೆ. ಅದೇ ವರ್ಷದ ನವೆಂಬರ್‌ನಲ್ಲಿ ಅದೇ ಅಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಮಾತ್ರ ಇಂಥದ್ದಕ್ಕೆ ನಮ್ಮ ಊರು ಬೇಕೆ ಎಂಬ ಮಾತು ಬೀದಿಯಲ್ಲಿ ಗಟ್ಟಿಯಾಗಿ ಕೇಳಿಬಂತು. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತ ಸಂಘದಿಂದ ಹಿಡಿದು ಮಹಿಳಾ ಸಂಘಟನೆಗಳವರೆಗೆ ಹಲವರು ಅದನ್ನು ವಿರೋಧಿಸಿದರು. ಅದು ಕ್ರೀಡೆಯಲ್ಲ ಎಂಬುದು ನಿಜ. ಆದರೂ ಅಂತರರಾಷ್ಟ್ರೀಯ ಆತಿಥ್ಯವೊಂದರ ಬಗ್ಗೆ ಈ ನಗರ ಬಹಿರಂಗವಾಗಿ ಜಗಳವಾಡಿದ ದೊಡ್ಡ ಸಂದರ್ಭ ಅದೊಂದೇ ಎಂಬುದು ಗಮನಿಸಬೇಕಾದ ವಿಚಾರ. ಕ್ರಿಕೆಟ್‌ಗೆ ಸಿಗುವ ರಿಯಾಯಿತಿ ಸುಂದರಿಯರಿಗೆ ಸಿಗಲಿಲ್ಲ.

ಹಲವು ಆಟಗಳ ಒಟ್ಟು ಕೂಟವೊಂದು ನಗರದ ರಚನೆಯನ್ನೇ ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಬೆಂಗಳೂರಿನಲ್ಲಿರುವ ಹತ್ತಿರದ ಉದಾಹರಣೆ 1997ರ ರಾಷ್ಟ್ರೀಯ ಕ್ರೀಡಾಕೂಟ. ಮೈಸೂರಿನೊಂದಿಗೆ ಹಂಚಿಕೊಂಡು ನಡೆಸಿದ ಆ ಕೂಟಕ್ಕಾಗಿ ಕಂಠೀರವ ಕ್ರೀಡಾಂಗಣ ಹೊಸ ರೂಪ ಪಡೆಯಿತು. ಕ್ರೀಡಾಪಟುಗಳ ವಸತಿಗೆಂದು ಕೋರಮಂಗಲದಲ್ಲಿ ಬಹುಮಹಡಿಗಳ ನ್ಯಾಷನಲ್ ಗೇಮ್ಸ್ ವಿಲೇಜ್ ಎದ್ದು, ಕೂಟ ಮುಗಿದ ಮೇಲೆ ಆ ಮನೆಗಳು ಮಾರಾಟವಾದವು. ಕೂಟದ ನೆಪದಲ್ಲಿ ಕಟ್ಟಿದ್ದು ಕೂಟದ ನಂತರ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆಗೆ ಕೋರಮಂಗಲದ ಉತ್ತರ ಸ್ಪಷ್ಟವಾಗಿದೆ: ಮನೆ ಕೊಳ್ಳಬಲ್ಲ ಮಧ್ಯಮ ವರ್ಗಕ್ಕೆ. ಕಂಠೀರವದ ಉತ್ತರ ಇಷ್ಟು ಸರಳವಲ್ಲ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ ಅಶೋಕನಗರದಿಂದ ಅಲ್ಲಿಗೆ ಬಂದ ಮೇಲೆ ಅಂತರರಾಷ್ಟ್ರೀಯ ಪಂದ್ಯಗಳು ಸಾಲಾಗಿ ನಡೆದವು. 2016ರಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಮಣಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ್ದು, 2023ರ ಜುಲೈನಲ್ಲಿ ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಭಾರತ ಸ್ಯಾಫ್ ಚಾಂಪಿಯನ್‌ಷಿಪ್ ಎತ್ತಿದ್ದು ಇದೇ ನೆಲದಲ್ಲಿ. ಆದರೆ ಪಂದ್ಯದ ದಿನಗಳಲ್ಲಿ ಓಟದ ಹಾದಿ ತಮಗೆ ಸಿಗುತ್ತಿಲ್ಲವೆಂದು ಅಥ್ಲೀಟ್‌ಗಳು ಮತ್ತು ತರಬೇತುದಾರರು ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ಹಿಂದೊಮ್ಮೆ ತೋಟಗಾರರಿಗೂ ಪೋಲೊ ಸವಾರರಿಗೂ ಅದೇ ಜಾಗದಲ್ಲಿ ನಡೆದ ತಕರಾರು, ಪಕ್ಷಗಳು ಬದಲಾಗಿ ಮತ್ತೆ ನಡೆಯಿತು.

ಇದರ ನಡುವೆ ಕೂಟಗಳು ಬರುವುದೂ ಹೋಗುವುದೂ ನಗರದ ಇಚ್ಛೆಗೆ ಹೊರಗಿನ ಸಂಗತಿಗಳಾದವು. 2008ರ ಜುಲೈನಲ್ಲಿ ನಗರದಲ್ಲಿ ನಡೆದ ಸ್ಫೋಟಗಳ ನಂತರ ಭದ್ರತೆಯ ಕಾರಣ ಕೊಟ್ಟು ಪುರುಷರ ಎಟಿಪಿ ಟೆನಿಸ್ ಪಂದ್ಯಾವಳಿ ರದ್ದಾಯಿತು. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೋಡೆಯಲ್ಲಿ ಬಾಂಬ್ ಸಿಡಿದ ಮೇಲೆ ಐಪಿಎಲ್ ಸೆಮಿಫೈನಲ್‌ಗಳು ನವಿ ಮುಂಬೈಗೆ ಹೋದವು. ಮರುವರ್ಷ ಕೋಲ್ಕತ್ತದ ಈಡನ್ ಗಾರ್ಡನ್ಸ್ ಸಿದ್ಧವಾಗಲಿಲ್ಲವೆಂದು ವಿಶ್ವಕಪ್‌ನ ಭಾರತ–ಇಂಗ್ಲೆಂಡ್ ಪಂದ್ಯ ತಿಂಗಳೊಪ್ಪತ್ತಿನಲ್ಲಿ ಬೆಂಗಳೂರಿನ ಪಾಲಿಗೆ ಬಂತು. ಎರಡೂ ತಂಡಗಳು 338 ರನ್ ಗಳಿಸಿ ಪಂದ್ಯ ಟೈ ಆದದ್ದನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಅದಕ್ಕೆ ಮೂರು ದಿನ ಮೊದಲು, ರಾತ್ರಿಯಿಡೀ ಟಿಕೆಟ್‌ಗಾಗಿ ಸಾಲುಗಟ್ಟಿ ನಿಂತವರ ಮೇಲೆ ಪೊಲೀಸರು ಲಾಠಿ ಬೀಸಿದ್ದನ್ನು ನೆನಪಿಟ್ಟವರು ಕಡಿಮೆ. ಬೀದಿಯಲ್ಲಿ ಕಾಯುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವ್ಯವಸ್ಥೆಯ ಸುಳಿವು ಅಂದೇ ಸಿಕ್ಕಿತ್ತು.

ಕೆರೆಗಳ ಕಥೆಯೂ ಅನಿರೀಕ್ಷಿತ ರೀತಿಯಲ್ಲಿ ಮುಂದುವರಿಯಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗಿನ ಪೂರ್ವ ಭಾಗದಲ್ಲಿ ಟ್ಯಾಂಕರ್ ನೀರಿಗೆ ಪರದಾಟ ಹತ್ತಿದಾಗ, ಐಪಿಎಲ್ ಪಂದ್ಯಗಳನ್ನು ಇಲ್ಲಿ ನಡೆಸಬೇಕೆ ಎಂಬ ಪ್ರಶ್ನೆ ಎದ್ದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕಬ್ಬನ್ ಉದ್ಯಾನದ ಶುದ್ಧೀಕರಣ ಘಟಕದಿಂದ, ಅಂದರೆ ಚರಂಡಿ ನೀರನ್ನು ಸೋಸಿ ಮರುಬಳಕೆಗೆ ತರುವ ಕೇಂದ್ರದಿಂದ, ಮೈದಾನದ ಹುಲ್ಲಿಗೆ ನೀರು ಕೊಡುವುದೆಂದು ಜಲಮಂಡಳಿ ಒಪ್ಪಿದ ಮೇಲೆ ಪಂದ್ಯಗಳು ನಡೆದವು. ಮಳೆ ಬಿದ್ದ ನಿಮಿಷಗಳಲ್ಲಿ ನೀರನ್ನು ಹೀರಿ ಹೊರಹಾಕುವ ಯಂತ್ರವ್ಯವಸ್ಥೆಯನ್ನು 2017ರಲ್ಲೇ ನೆಲದಡಿ ಅಳವಡಿಸಿಕೊಂಡಿದ್ದ ಕ್ರೀಡಾಂಗಣ, ನೀರಿನ ಬರಗಾಲದಲ್ಲಿ ಹೀಗೆ ತನ್ನ ಹುಲ್ಲು ಉಳಿಸಿಕೊಂಡಿತು. ಇದು ಜಾಣತನದ ಪರಿಹಾರ ಎಂಬುದನ್ನು ಒಪ್ಪಬೇಕು. ಹುಲ್ಲಿಗೆ ಸಿಕ್ಕಷ್ಟು ಬೇಗ ಪರಿಹಾರ ಮನೆಗಳಿಗೆ ಸಿಗಲಿಲ್ಲ ಎಂಬುದನ್ನೂ ಹೇಳಬೇಕು.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ಸಂಜೆ ವಿಜಯೋತ್ಸವಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ ನೆರೆದ ಜನಸಾಗರದಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ಸುಮಾರು ಮೂವತ್ತೈದು ಸಾವಿರ ಜನ ಕೂರಬಹುದಾದ ಕಟ್ಟಡ, ಅದರ ದ್ವಾರಗಳು ನೇರವಾಗಿ ಪಾದಚಾರಿ ಮಾರ್ಗಕ್ಕೆ ತೆರೆದುಕೊಳ್ಳುವ ರೀತಿ, ಸಾಲು ನಿಲ್ಲಲು ಒಳಗೆ ಬಯಲಿಲ್ಲದಿರುವುದು, ಇವೆಲ್ಲ 1970ರ ನಕ್ಷೆಯ ಫಲ. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗ, ಈ ಕ್ರೀಡಾಂಗಣದ ವಿನ್ಯಾಸವೇ ಭಾರಿ ಜನಸಂದಣಿಗೆ ತಕ್ಕುದಲ್ಲ, ಸುರಕ್ಷಿತವೂ ಅಲ್ಲ ಎಂದು ವರದಿ ಕೊಟ್ಟಿತು. ಆ ವರ್ಷದ ಮಹಿಳಾ ವಿಶ್ವಕಪ್‌ನ ಪಂದ್ಯಗಳು ಬೆಂಗಳೂರಿನಿಂದ ಜಾರಿ ನವಿ ಮುಂಬೈ ಮುಂತಾದ ಕಡೆಗೆ ಹೋದವು. ಭಾರತದ ಮಹಿಳೆಯರು ಮೊದಲ ಬಾರಿಗೆ ವಿಶ್ವಕಪ್ ಗೆದ್ದ ನವೆಂಬರ್ 2ರ ಫೈನಲ್‌ಗೆ ಮೂಲ ಯೋಜನೆಯಲ್ಲಿದ್ದ ಊರು ಬೆಂಗಳೂರೇ. ವಿಚಿತ್ರವೆಂದರೆ, ಆ ದುರಂತದ ಮರುತಿಂಗಳೇ, ಜುಲೈ 5ರಂದು, ಹರಿಯಾಣದ ಪಂಚಕುಲದಿಂದ ಸ್ಥಳಾಂತರಗೊಂಡ ನೀರಜ್ ಚೋಪ್ರಾ ಕ್ಲಾಸಿಕ್ ಎಂಬ ಅಂತರರಾಷ್ಟ್ರೀಯ ಜಾವೆಲಿನ್ ಸ್ಪರ್ಧೆ ಅರ್ಧ ಹರದಾರಿಯೂ ದೂರವಿಲ್ಲದ ಕಂಠೀರವದಲ್ಲಿ ಗಲಾಟೆಯಿಲ್ಲದೆ ನಡೆದುಹೋಯಿತು.

ಬೇರೆ ಕಡೆ ಇಂಥ ತೀರ್ಮಾನಗಳನ್ನು ಜನರ ಮುಂದಿಟ್ಟ ನಿದರ್ಶನಗಳಿವೆ. ಅಮೆರಿಕದ ಡೆನ್ವರ್‌ಗೆ 1976ರ ಚಳಿಗಾಲದ ಒಲಿಂಪಿಕ್ಸ್ ಸಿಕ್ಕಿಯೂ ಆಗಿತ್ತು, ಆದರೆ 1972ರಲ್ಲಿ ಮತದಾರರು ಅದಕ್ಕೆ ಹಣ ಕೊಡಲು ಒಪ್ಪದೆ ಕೂಟವನ್ನೇ ವಾಪಸು ಕಳಿಸಿದರು. 2015ರಲ್ಲಿ ಜರ್ಮನಿಯ ಹ್ಯಾಂಬರ್ಗ್, 2018ರಲ್ಲಿ ಕೆನಡಾದ ಕ್ಯಾಲ್ಗರಿ ಜನಮತದಲ್ಲಿ ಒಲಿಂಪಿಕ್ಸ್ ಬೇಡವೆಂದವು. ಭಾರತದಲ್ಲಿ ಆ ಪದ್ಧತಿಯಿಲ್ಲ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ದಕ್ಕಿದ್ದು ಸರ್ಕಾರಗಳ ಮತ್ತು ಕ್ರೀಡಾ ಸಂಸ್ಥೆಗಳ ಪ್ರಯತ್ನದಿಂದ. ಬೆಂಗಳೂರಿನಲ್ಲಂತೂ ಕೇಳುವುದಿದ್ದರೂ ಕೇಳಲು ಸಭೆಯೇ ಇರಲಿಲ್ಲ. ನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಆಡಳಿತಾಧಿಕಾರಿಗಳ ಆಳ್ವಿಕೆ ನಡೆದಿತ್ತು. ಕಾಲ್ತುಳಿತವಾದಾಗಲೂ, ವಿಶ್ವಕಪ್ ಪಂದ್ಯಗಳು ಕೈತಪ್ಪಿದಾಗಲೂ ಶಿವಾಜಿನಗರಕ್ಕಾಗಲಿ ಹಲಸೂರಿಗಾಗಲಿ ಪಾಲಿಕೆ ಸದಸ್ಯರಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾದಾಗ ಶಿವಾಜಿನಗರ ಬೆಂಗಳೂರು ಕೇಂದ್ರಕ್ಕೂ ಕೃಷ್ಣರಾಜಪುರ ಬೆಂಗಳೂರು ಪೂರ್ವಕ್ಕೂ ಸೇರಿದವು. ಚಿನ್ನಸ್ವಾಮಿಗೆ ಬದಲಿಯಾಗಿ ಸರ್ಕಾರ ಸೂಚಿಸಿರುವ, 80 ಸಾವಿರ ಆಸನಗಳ ಹೊಸ ಕ್ರಿಕೆಟ್ ಕ್ರೀಡಾಂಗಣದ ಜಾಗ ಗೃಹ ಮಂಡಳಿಯ ಸೂರ್ಯನಗರದಲ್ಲಿ, ಆನೇಕಲ್ ತಾಲ್ಲೂಕಿನಲ್ಲಿದೆ. ಅದು ಈ ಐದು ಪಾಲಿಕೆಗಳಲ್ಲಿ ಯಾವುದರ ಗಡಿಯೊಳಗೂ ಬರುವುದಿಲ್ಲ.